ಕಾಯಂ ಆಗಿ ಊರಿಗೆ ಬಂದಿರಾ? ಮೊದಲು ಬ್ಯಾಂಕಿಗೆ ತಿಳಿಸಿ

ದುಡಿಯಲು ಸೌದಿ, ದುಬೈ, ಕುವೈತ್ ಅಂತ ಹೋದವರು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲೂ ಇದ್ದಾರೆ. ಡ್ರೈವರ್, ಎಲೆಕ್ಟ್ರಿಷಿಯನ್, ನರ್ಸ್ ಕೆಲಸಕ್ಕೆ ಹೋದವರು ಒಂದು ಕಡೆ. ಸಾಫ್ಟ್‌ವೇರ್ ಕೆಲಸ ಹಿಡಿದು ಅಮೆರಿಕ, ಆಸ್ಟ್ರೇಲಿಯಾ ಸೇರಿದವರು ಇನ್ನೊಂದು ಕಡೆ. ವಾಪಸ್ ಬಂದಾಗ ತಲೆ ಮೇಲೆ ನೂರು ಕೆಲಸ ಇರುತ್ತವೆ. ಮನೆ ಕಟ್ಟಿಸಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು, ಹೊಲದ ಪಹಣಿ ನೋಡಬೇಕು. ಬ್ಯಾಂಕಿನ ಕೆಲಸ ಹಿಂದೆ ಬೀಳುತ್ತದೆ. ದುಡ್ಡು ಖಾತೆಯಲ್ಲೇ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ ಅಂತ ಸುಮ್ಮನಾಗುತ್ತಾರೆ.

ತೊಡಕು ಶುರುವಾಗುವುದು ಅಲ್ಲೇ. ಹೊಸ ಖಾತೆ ತೆರೆಯುವುದು ಈಗ ದೊಡ್ಡ ಕೆಲಸವೇ ಅಲ್ಲ. ಆದರೆ ವಿದೇಶದಲ್ಲಿದ್ದಾಗ ಬಳಸಿದ ಎನ್‌ಆರ್‌ಇ (ಅಲ್ಲಿ ದುಡಿದ ಹಣ ಹಾಕುವ), ಎನ್‌ಆರ್‌ಒ (ಬಾಡಿಗೆಯಂಥ ಇಲ್ಲಿನ ಆದಾಯ ಹಾಕುವ) ಖಾತೆಗಳನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಸಾಮಾನ್ಯ ಖಾತೆ ತೆರೆದರೆ ಮುಂದೆ ತೆರಿಗೆಯಿಂದ ಹಿಡಿದು ದಂಡದವರೆಗೆ ಎಲ್ಲವೂ ಸುತ್ತಿಕೊಳ್ಳಬಹುದು. ಹಾಗಾಗಿ ಹಳೆಯದನ್ನು ಮೊದಲು ಸರಿಪಡಿಸಿ, ಹೊಸದು ಆಮೇಲೆ.

ವಿಮಾನ ಹತ್ತುವ ಮುನ್ನ

ಎಲ್ಲಕ್ಕಿಂತ ಮುಖ್ಯ ಮೊಬೈಲ್ ನಂಬರ್. ನಿಮ್ಮ ಇಲ್ಲಿನ ಖಾತೆಗೆ ಅಲ್ಲಿನ ನಂಬರ್ ಜೋಡಿಸಿದ್ದರೆ ಒಟಿಪಿ ಆ ಸಿಮ್‌ಗೇ ಹೋಗುತ್ತದೆ. ಸಿಮ್ ಬಂದ್ ಆದ ದಿನವೇ ಆನ್‌ಲೈನ್ ಬ್ಯಾಂಕಿಂಗ್ ಕೂಡ ಬಂದ್ ಆದಂತೆ. ಅಲ್ಲಿರುವಾಗಲೇ ಮನೆಯವರಿಗೆ ಹೇಳಿ ನಿಮ್ಮದೊಂದು ಭಾರತದ ನಂಬರ್ ಚಾಲ್ತಿಯಲ್ಲಿ ಇಟ್ಟುಕೊಳ್ಳಿ. ಬ್ಯಾಂಕಿನ ದಾಖಲೆಯಲ್ಲೂ ಆಧಾರ್‌ನಲ್ಲೂ ಅದೇ ನಂಬರ್ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು, ಅಲ್ಲಿನ ಬ್ಯಾಂಕಿನ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಕೆಲಸ ಬಿಟ್ಟಾಗ ಬಂದ ಬಾಕಿ ಹಣದ ಲೆಕ್ಕ, ಊರಿಗೆ ಹಣ ಕಳಿಸಿದ ರಸೀದಿ ಎಲ್ಲವನ್ನೂ ತನ್ನಿ. ಮುಂದೆ ಯಾರಾದರೂ ಈ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ಮಾತಾಡುವುದು ಈ ಕಾಗದಗಳೇ. ಅಲ್ಲಿನ ಸಾಲ, ಕ್ರೆಡಿಟ್ ಕಾರ್ಡ್ ತೀರಿದ್ದರೆ ಬಾಕಿ ಇಲ್ಲ ಅಂತ ಪತ್ರವನ್ನೂ ಬರೆಸಿಕೊಳ್ಳಿ.

ಕೈಯಲ್ಲಿ ವಿದೇಶಿ ನೋಟು ತರುವವರಿಗೆ ಒಂದು ಮಾತು. ನೋಟುಗಳೇ 5,000 ಡಾಲರ್ ಮೌಲ್ಯ ದಾಟಿದರೆ, ಅಥವಾ ಟ್ರಾವೆಲರ್ಸ್ ಚೆಕ್ ಸೇರಿ 10,000 ಡಾಲರ್ ದಾಟಿದರೆ, ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಘೋಷಣೆ ಬರೆದುಕೊಡಲೇಬೇಕು. ಹೈದರಾಬಾದಿನಲ್ಲಿ ಇಳಿದರೂ ಅಷ್ಟೇ, ಬೆಂಗಳೂರಿನಲ್ಲಿ ಇಳಿದರೂ ಅಷ್ಟೇ. ಆ ಪ್ರತಿ ಜೋಪಾನ, ಬ್ಯಾಂಕಿನವರು ಕೇಳುತ್ತಾರೆ.

ನಿಮ್ಮ ಹಳೆಯ ಬ್ಯಾಂಕ್ ಈಗ ಯಾವುದು?

ಹತ್ತು ವರ್ಷದ ಹಿಂದೆ ಹೋದವರಿಗೆ ಇದು ನಿಜವಾದ ಪ್ರಶ್ನೆ. ಈ ಭಾಗದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಪಾಸ್‌ಬುಕ್ ಇಲ್ಲದ ಮನೆ ಹುಡುಕುವುದು ಕಷ್ಟವಿತ್ತು. ಆ ಬ್ಯಾಂಕು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಎರಡೂ 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಸೇರಿಹೋದವು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ ಸೇರಿತು, ಆಂಧ್ರ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಬಳ್ಳಾರಿಯ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್, ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ.

ಖಾತೆ ಕಳೆದುಹೋಗಿಲ್ಲ, ಹೊಸ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ. ಹಳೆಯ ಚೆಕ್ ಪುಸ್ತಕ, ಹಳೆಯ ಐಎಫ್‌ಎಸ್‌ಸಿ ಮಾತ್ರ ನಡೆಯುವುದಿಲ್ಲ. ಪಾಸ್‌ಬುಕ್ ಮತ್ತು ಪಾಸ್‌ಪೋರ್ಟ್ ಹಿಡಿದು ಶಾಖೆಗೆ ಹೋದರೆ ಖಾತೆ ಹುಡುಕಿಕೊಡುತ್ತಾರೆ. ನೀವು ಎರಡು ವರ್ಷಕ್ಕಿಂತ ಜಾಸ್ತಿ ಯಾವ ವ್ಯವಹಾರವನ್ನೂ ಮಾಡಿರದಿದ್ದರೆ ಖಾತೆ ನಿಷ್ಕ್ರಿಯ ಅಂತ ಬರೆದಿರುತ್ತಾರೆ. ಕೆವೈಸಿ ಹೊಸದಾಗಿ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ. ಇದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಹತ್ತು ವರ್ಷ ದಾಟಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ. ಆಗಲೂ ನಿಮ್ಮ ಹಕ್ಕು ಹೋಗುವುದಿಲ್ಲ, ಅದೇ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು. ಯಾವ ಬ್ಯಾಂಕಿನಲ್ಲಿ ಇತ್ತು ಅನ್ನುವುದೇ ಮರೆತಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಿ.

ಕಾಗದ ಪತ್ರ

ಪಾಸ್‌ಪೋರ್ಟ್, ಆಧಾರ್, ಪ್ಯಾನ್, ಎರಡು ಫೋಟೊ. ಪಾಸ್‌ಪೋರ್ಟ್‌ನಲ್ಲಿ ನೀವು ಭಾರತಕ್ಕೆ ಬಂದ ದಿನದ ಮುದ್ರೆ ಇರುವ ಪುಟದ ನಕಲೂ ಬೇಕು. ಮೂರು ಸೆಟ್ ಜೆರಾಕ್ಸ್ ಮಾಡಿಸಿಟ್ಟುಕೊಂಡರೆ ಓಡಾಟ ತಪ್ಪುತ್ತದೆ.

ನಮ್ಮ ಕಡೆಯವರಿಗೆ ಎರಡು ಕಡೆ ಗಂಟು ಬೀಳುತ್ತದೆ, ಹೆಸರು ಮತ್ತು ವಿಳಾಸ. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಪೂರ್ತಿ ಸೇರಿರುತ್ತದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಮನೆತನದ ಹೆಸರು ಹಿಂದೆ ಮುಂದೆ. ಕಂಪ್ಯೂಟರ್ ಇವರು ಮೂವರು ಬೇರೆ ಬೇರೆ ಅಂತ ತಿಳಿಯುತ್ತದೆ. ಬ್ಯಾಂಕಿಗೆ ಹೋಗುವ ಮೊದಲೇ ಆಧಾರ್ ಮತ್ತು ಪ್ಯಾನ್‌ನಲ್ಲಿ ಹೆಸರು ಒಂದೇ ಥರ ಮಾಡಿಸಿಕೊಳ್ಳಿ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳು ಸರ್ಕಾರ ಕೊಟ್ಟ ಮದುವೆ ನೋಂದಣಿ ಪತ್ರ ತೋರಿಸಿದರೆ ಸಾಕು, ಹಳೆಯ ಹೆಸರಿನ ದಾಖಲೆಯನ್ನೂ ಒಪ್ಪಬೇಕು.

ವಿಳಾಸದ ಕತೆ ಬೇರೆ. 1997ರ ತನಕ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. 2014ರಲ್ಲಿ ಇಂಗ್ಲಿಷ್ ದಾಖಲೆಗಳಲ್ಲಿ ಬೆಳ್ಳಾರಿ ಅಂತಿದ್ದದ್ದು ಬಳ್ಳಾರಿ ಆಯಿತು. 2021ರಲ್ಲಿ ಹೊಸಪೇಟೆ, ಹೂವಿನಹಡಗಲಿ ಕಡೆಯವರೆಲ್ಲ ವಿಜಯನಗರ ಜಿಲ್ಲೆಯವರಾದರು. ಹಳೆಯ ಪಾಸ್‌ಪೋರ್ಟ್‌ನಲ್ಲಿ ಒಂದು, ಹೊಸ ಆಧಾರ್‌ನಲ್ಲಿ ಇನ್ನೊಂದು. ಈಗ ಇರುವ ಮನೆಯ ವಿಳಾಸ ಆಧಾರ್‌ನಲ್ಲಿ ಇಲ್ಲದಿದ್ದರೆ, ಎರಡು ತಿಂಗಳ ಒಳಗಿನ ಕರೆಂಟ್ ಬಿಲ್ ಅಥವಾ ನಗರಸಭೆ, ಪಂಚಾಯಿತಿಯ ಆಸ್ತಿ ತೆರಿಗೆ ರಸೀದಿ ಕೊಟ್ಟು ಖಾತೆ ತೆರೆಯಬಹುದು. ಮೂರು ತಿಂಗಳೊಳಗೆ ಹೊಸ ವಿಳಾಸದ ದಾಖಲೆ ತಂದುಕೊಡಬೇಕು, ಅಷ್ಟೇ.

ಆಧಾರ್ ಇನ್ನೂ ಮಾಡಿಸಿಲ್ಲವೇ? ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬಂದ ತಕ್ಷಣ ನೋಂದಾಯಿಸಬಹುದು. 182 ದಿನ ಕಾಯಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಮೇಲೆ ಅದನ್ನು ಪ್ಯಾನ್‌ಗೆ ಜೋಡಿಸಿ. ಅನಿವಾಸಿಗಳಿಗೆ ಇದರಿಂದ ವಿನಾಯಿತಿ ಇತ್ತು, ನಿವಾಸಿಯಾದ ಮೇಲೆ ಇಲ್ಲ.

ಬ್ಯಾಂಕಿನಲ್ಲಿ ಏನು ಕೇಳಬೇಕು

ಹೆಚ್ಚು ಜನ ಗೊಂದಲಕ್ಕೆ ಬೀಳುವುದು ಇಲ್ಲಿ. ನಾನು ಯಾವಾಗಿನಿಂದ ನಿವಾಸಿ? ಇದಕ್ಕೆ ಎರಡು ಕಾನೂನು, ಎರಡು ಲೆಕ್ಕ. ಆದಾಯ ತೆರಿಗೆಯವರು ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದಿರಿ ಅಂತ ಎಣಿಸುತ್ತಾರೆ. ವಿದೇಶಿ ವಿನಿಮಯದ ಕಾನೂನು ಫೆಮಾ, ನೀವು ಯಾಕೆ ಬಂದಿರಿ ಅಂತ ಕೇಳುತ್ತದೆ. ಕೆಲಸಕ್ಕೆ, ವ್ಯಾಪಾರಕ್ಕೆ, ಅಥವಾ ಇನ್ನು ಇಲ್ಲೇ ಇರೋಣ ಅಂತ ಬಂದಿದ್ದರೆ ಬಂದ ದಿನದಿಂದಲೇ ನಿವಾಸಿ. ಬ್ಯಾಂಕ್ ಖಾತೆಗೆ ಲೆಕ್ಕಕ್ಕೆ ಬರುವುದು ಫೆಮಾ. ಆರು ತಿಂಗಳು ಆಗಲಿ ನೋಡೋಣ ಅನ್ನುವಂತಿಲ್ಲ. ರಜೆಗೆ ಬಂದವರಿಗೆ ಇದು ಅನ್ವಯಿಸುವುದಿಲ್ಲ, ಅವರ ಎನ್‌ಆರ್‌ಇ ಖಾತೆ ಹಾಗೇ ಇರುತ್ತದೆ.

ಹಾಗಾಗಿ ಕೌಂಟರ್‌ನಲ್ಲಿ ಬರೀ ಖಾತೆ ತೆರೆಯಬೇಕು ಅನ್ನಬೇಡಿ. "ಸರ್, ನಾನು ಕಾಯಂ ಊರಿಗೆ ಬಂದೀನಿ. ನನ್ನ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ರೆಸಿಡೆಂಟ್ ಖಾತೆ ಮಾಡಿಕೊಡ್ರಿ" ಅನ್ನಿ. ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಹಾಕಿಸಿ ಸೀಲ್ ಒತ್ತಿಸಿಕೊಳ್ಳಿ. ಆ ಸೀಲು ಮುಂದೆ ನಿಮ್ಮನ್ನು ಕಾಯುತ್ತದೆ.

ಸಣ್ಣ ಊರಿನ ಶಾಖೆಯಲ್ಲಿ ಈ ಕೆಲಸ ಅಪರೂಪಕ್ಕೆ ಬರುವುದರಿಂದ ಸಿಬ್ಬಂದಿಗೂ ಅನುಮಾನ ಇರಬಹುದು. ಸಿಂಧನೂರು, ಗಂಗಾವತಿ, ಸಿರುಗುಪ್ಪದಲ್ಲಿ ಆಗದಿದ್ದರೆ ಜಿಲ್ಲಾ ಕೇಂದ್ರದ ದೊಡ್ಡ ಶಾಖೆಯಲ್ಲಿ ವಿದೇಶಿ ವಿನಿಮಯ ನೋಡುವವರು ಯಾರು ಅಂತ ವಿಚಾರಿಸಿ.

ಹಾಗೇ ಬಿಟ್ಟರೆ ಏನು ನಷ್ಟ? ಎನ್‌ಆರ್‌ಒ ಠೇವಣಿಯಲ್ಲಿ ವರ್ಷಕ್ಕೆ 40,000 ರೂಪಾಯಿ ಬಡ್ಡಿ ಬರುತ್ತದೆ ಅಂತಿಟ್ಟುಕೊಳ್ಳಿ. ಅನಿವಾಸಿಯ ಲೆಕ್ಕದಲ್ಲಿ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಸೇರಿ 12,480 ರೂಪಾಯಿ ಮುರಿದುಕೊಂಡೇ ಕೊಡುತ್ತಾರೆ. ಅದೇ ನಿವಾಸಿ ಖಾತೆಯಾಗಿದ್ದರೆ ವರ್ಷಕ್ಕೆ 50,000 ರೂಪಾಯಿ ಬಡ್ಡಿಯ ತನಕ ಬ್ಯಾಂಕ್ ಏನನ್ನೂ ಮುರಿಯುವುದಿಲ್ಲ, ಹಿರಿಯ ನಾಗರಿಕರಿಗೆ ಒಂದು ಲಕ್ಷದ ತನಕ. ಎನ್‌ಆರ್‌ಇಯಲ್ಲಿ ಇದರ ತಿರುವು. ಅಲ್ಲಿ ಬಡ್ಡಿಗೆ ತೆರಿಗೆ ಇಲ್ಲದ್ದು ನೀವು ಅನಿವಾಸಿ ಆಗಿರುವ ತನಕ ಮಾತ್ರ. ಬಂದ ಮೇಲೂ ಖಾತೆ ಹಾಗೇ ಇದ್ದರೆ ಬ್ಯಾಂಕ್ ತೆರಿಗೆ ಹಿಡಿಯುವುದಿಲ್ಲ, ನೀವೂ ತೋರಿಸುವುದಿಲ್ಲ, ವರ್ಷಗಳ ನಂತರ ನೋಟಿಸ್ ಬರುತ್ತದೆ. ಫೆಮಾ ಉಲ್ಲಂಘನೆಗೆ ಆ ಮೊತ್ತದ ಮೂರು ಪಟ್ಟು ತನಕ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಒಂದು ಅರ್ಜಿಯಿಂದ ತಪ್ಪುವ ತಲೆನೋವು ಇದು.

ಠೇವಣಿ ಮುರಿಯಬೇಕಾ?

ಬೇಡ, ಅವಸರ ಬೇಡ. ಎನ್‌ಆರ್‌ಇ ಠೇವಣಿ ನಿವಾಸಿ ಠೇವಣಿಯಾಗಿ ಬದಲಾದರೂ ಒಪ್ಪಿದ ಬಡ್ಡಿ ಅವಧಿ ಮುಗಿಯುವ ತನಕ ಸಿಗುತ್ತದೆ. ಒಂದು ವರ್ಷ ತುಂಬುವ ಮೊದಲೇ ಮುರಿಸಿದರೆ ಬಡ್ಡಿಯೇ ಕೈಬಿಡುತ್ತದೆ. ಡಾಲರ್, ಪೌಂಡ್ ರೂಪದ ಎಫ್‌ಸಿಎನ್‌ಆರ್ ಠೇವಣಿಯೂ ಅವಧಿ ತನಕ ಮುಂದುವರಿಯುತ್ತದೆ.

ಮತ್ತೆ ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ, ಅಥವಾ ಮಗಳನ್ನು ಹೊರಗೆ ಓದಿಸುವ ಆಸೆ ಇದ್ದರೆ ಆರ್‌ಎಫ್‌ಸಿ ಖಾತೆ ಕೇಳಿ. ವಾಪಸ್ ಬಂದ ಭಾರತೀಯರಿಗೆಂದೇ ಇರುವ, ವಿದೇಶಿ ಹಣದಲ್ಲೇ ಇಡುವ ಖಾತೆ ಇದು. ಎನ್‌ಆರ್‌ಇ ಮತ್ತು ಎಫ್‌ಸಿಎನ್‌ಆರ್ ಹಣವನ್ನು ಇದಕ್ಕೆ ಹಾಕಬಹುದು. ಹೊರದೇಶದ ಖರ್ಚಿಗೆ ಬಳಸಲು ನಿರ್ಬಂಧ ಇಲ್ಲ. ಮತ್ತೆ ಅನಿವಾಸಿಯಾದರೆ ಎನ್‌ಆರ್‌ಇಗೆ ವಾಪಸ್ ಹಾಕಬಹುದು. ಎಲ್ಲವನ್ನೂ ರೂಪಾಯಿ ಮಾಡಿಕೊಂಡ ಮೇಲೆ ಈ ಅನುಕೂಲ ಇರುವುದಿಲ್ಲ. ಇನ್ನು ಊರೇ ಸಾಕು ಅನ್ನುವವರಿಗೆ ಇದರ ಗೊಡವೆ ಬೇಕಿಲ್ಲ.

ವಿದೇಶದ ಬ್ಯಾಂಕಿನಲ್ಲಿ ಉಳಿದ ಹಣ? ಅಲ್ಲಿದ್ದಾಗ ದುಡಿದದ್ದನ್ನು ಅಲ್ಲೇ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುತ್ತದೆ. ಆ ಹಣವನ್ನು ಇಲ್ಲಿಗೆ ತಂದ ಮಾತ್ರಕ್ಕೆ ತೆರಿಗೆಯೂ ಬೀಳುವುದಿಲ್ಲ. ಈ ಭಯಕ್ಕೆ ಹುಂಡಿ, ಹವಾಲಾ ದಾರಿ ಹಿಡಿಯುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಬೆವರು ಸುರಿಸಿ ದುಡಿದ ಬಿಳಿ ಹಣವನ್ನು ಕೈಯಾರೆ ಕಪ್ಪು ಮಾಡಿಕೊಂಡಂತೆ ಅಲ್ವಾ ಅದು? ಬ್ಯಾಂಕ್ ಮೂಲಕವೇ ತರಿಸಿ.

ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದವರಿಗೆ, ಅಥವಾ ಹಿಂದಿನ ಏಳು ವರ್ಷದಲ್ಲಿ 729 ದಿನ ಮೀರದಷ್ಟು ಮಾತ್ರ ಇಲ್ಲಿದ್ದವರಿಗೆ ತೆರಿಗೆಯಲ್ಲಿ ಇನ್ನೂ ಒಂದು ಸಡಿಲಿಕೆ ಇದೆ. ಎರಡು, ಕೆಲವರಿಗೆ ಮೂರು ವರ್ಷ, ವಿದೇಶದ ಬ್ಯಾಂಕ್ ಬಡ್ಡಿ ಮತ್ತು ಆರ್‌ಎಫ್‌ಸಿ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆಮೇಲೆ ವಿದೇಶದ ಖಾತೆಗಳನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. ದೊಡ್ಡ ಮೊತ್ತ ಇದ್ದರೆ ಮೊದಲ ವರ್ಷವಾದರೂ ಒಬ್ಬ ಸಿಎ ಹತ್ತಿರ ಹೋಗಿ.

ಹೊಸ ಖಾತೆ ತೆರೆಯುವಾಗ

ಹಳೆಯ ಖಾತೆ ಇಲ್ಲವೇ ಇಲ್ಲ ಅನ್ನುವವರು ನೇರವಾಗಿ ಉಳಿತಾಯ ಖಾತೆ ತೆರೆಯಬಹುದು. ಕನಿಷ್ಠ ಬ್ಯಾಲೆನ್ಸ್ ಇಲ್ಲದ್ದಕ್ಕೆ ಎಸ್‌ಬಿಐ 2020ರಿಂದ, ಕೆನರಾ 2025ರ ಜೂನ್‌ನಿಂದ ಉಳಿತಾಯ ಖಾತೆಗೆ ದಂಡ ಹಾಕುತ್ತಿಲ್ಲ. ಫಾರಂನಲ್ಲಿ ಬೇರೆ ದೇಶದ ತೆರಿಗೆ ನಿವಾಸಿಯೇ ಅಂತ ಒಂದು ಪ್ರಶ್ನೆ ಇರುತ್ತದೆ. ಅಮೆರಿಕದ ಗ್ರೀನ್ ಕಾರ್ಡ್ ಇರುವವರು ಸುಮ್ನೆ ಇಲ್ಲ ಅಂತ ಟಿಕ್ ಹಾಕಬಾರದು.

ನೀವು ಹೋಗುವಾಗ ಅಣ್ಣನಿಗೋ ಮಾವನಿಗೋ ಖಾತೆ ನಡೆಸಲು ಅಧಿಕಾರ ಬರೆದುಕೊಟ್ಟಿದ್ದರೆ ಅದನ್ನು ಬರವಣಿಗೆಯಲ್ಲಿ ರದ್ದು ಮಾಡಿಸಿ. ಇದರಲ್ಲಿ ಅಪನಂಬಿಕೆಯ ಮಾತಿಲ್ಲ. ಇಷ್ಟು ವರ್ಷ ಹೊರೆ ಹೊತ್ತವರಿಗೂ ಲೆಕ್ಕ ಒಪ್ಪಿಸಿದ ನೆಮ್ಮದಿ ಇರುತ್ತದೆ. ನಾಮಿನಿ ಹೆಸರು ಹಾಕಿಸಿ, ಈಗ ನಾಲ್ವರ ತನಕ ಹಾಕಬಹುದು. ಹೊಲ ಇರುವವರು ಬೆಳೆ ಪರಿಹಾರದಂಥ ಸರ್ಕಾರದ ಹಣ ಆಧಾರ್ ಜೋಡಿಸಿದ ಒಂದೇ ಖಾತೆಗೆ ಬರುತ್ತದೆ ಅನ್ನುವುದನ್ನು ನೆನಪಿಟ್ಟು, ಯಾವ ಖಾತೆಗೆ ಬೇಕು ಅಂತ ಬರೆದುಕೊಡಿ.

ಕೈಗೆ ದೊಡ್ಡ ಮೊತ್ತ ಬಂದ ಸುದ್ದಿ ಊರಲ್ಲಿ ಬೇಗ ಹರಡುತ್ತದೆ. ಜಾಸ್ತಿ ಬಡ್ಡಿ ಕೊಡುತ್ತೇವೆ ಅಂತ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳವರು ಮನೆಗೇ ಬರಬಹುದು. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದ ತನಕ ಠೇವಣಿ ವಿಮೆ ಇದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕಿಗೂ ಇದೆ. ಪರವಾನಗಿ ಇಲ್ಲದ ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ಮರಳುಗಾಡಿನಲ್ಲಿ ದುಡಿದದ್ದನ್ನು ಶೇ 2 ಜಾಸ್ತಿ ಬಡ್ಡಿಯ ಆಸೆಗೆ ಅಲ್ಲಿ ಸುರಿಯಬೇಡಿ.

ಎಲ್ಲ ಕಾಗದ ಕೊಟ್ಟರೂ ಬ್ಯಾಂಕ್ ಕೆಲಸ ಮುಂದೂಡುತ್ತಲೇ ಇದ್ದರೆ ಶಾಖೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ. ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಸೀಲ್ ಒತ್ತಿಸಿದ ಆ ಅರ್ಜಿಯ ಪ್ರತಿಯನ್ನು ಜೊತೆಗೆ ಲಗತ್ತಿಸಿ.