ಮೊದಲು ಕೆಲಸ ಕೇಳಿ, ಆಮೇಲೆ ಪರ್ಸೆಂಟ್ ತೋರಿಸಿ: ಎಫರ್ಟ್ ಸರ್ಟಿಫಿಕೇಷನ್, ನನ್ನ ಅನುಭವ

ಅಮೆರಿಕದ ಯೂನಿವರ್ಸಿಟಿಗಳಲ್ಲಿ ಗ್ರಾಂಟ್ ಲೆಕ್ಕ ನೋಡಿಕೊಳ್ಳುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೋಸ್ಟ್-ಅವಾರ್ಡ್ ಕೆಲಸ, ಅಂದರೆ ಗ್ರಾಂಟ್ ಮಂಜೂರಾದ ಮೇಲಿನ ಲೆಕ್ಕ, ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಸಂಬಳ ಯಾವ ಗ್ರಾಂಟಿನಿಂದ ಹೋಯಿತೋ ಆ ಕೆಲಸಕ್ಕೆ ಅಷ್ಟು ಪಾಲು ಸಮಯ ನಿಜವಾಗಿ ಹೋಗಿದೆ ಎಂದು ಸಹಿ ಮಾಡಿ ದೃಢಪಡಿಸುವುದೇ ಎಫರ್ಟ್ ಸರ್ಟಿಫಿಕೇಷನ್. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅದಕ್ಕಾಗಿ ತಲೆಗೊಂದು ಎಫರ್ಟ್ ಕಾರ್ಡ್ ಕಳಿಸುವುದನ್ನು ಬಿಟ್ಟು ಪ್ರಾಜೆಕ್ಟಿಗೊಂದು ಹಾಳೆ ಶುರು ಮಾಡಿ ಮೂರು ವರ್ಷದ ಮೇಲಾಯಿತು. "ಆಡಿಟ್ ಬಂದಾಗ ಗೊತ್ತಾಗುತ್ತೆ ನೋಡಿ" ಎಂದು ಹೇಳಿದವರು ಬಹಳ ಜನ. ಆಡಿಟ್ ಬಂತು. ನಮ್ಮ ಸಂಬಳದ ಸಾಲುಗಳನ್ನು ಆರಿಸಿ ನೋಡಿದರು. ಒಂದೂ ಫೈಂಡಿಂಗ್ (ತಪ್ಪು ಕಂಡಿತು ಎನ್ನುವ ಟಿಪ್ಪಣಿ) ಬರಲಿಲ್ಲ.

ಹಳೆಯ ಪದ್ಧತಿ ನಿಮಗೆ ಗೊತ್ತಿರುವುದೇ. ಸೆಮಿಸ್ಟರ್ ಮುಗಿದು ಎರಡು ತಿಂಗಳಾದ ಮೇಲೆ ಕಾರ್ಡ್ ಬರುತ್ತದೆ. ದೊಡ್ಡ ಲ್ಯಾಬಿನ ಪಿಐಗೆ (ಗ್ರಾಂಟಿನ ಮುಖ್ಯ ಸಂಶೋಧಕರಿಗೆ) ಒಂದೇ ಸಲ ಹತ್ತು ಹನ್ನೆರಡು ಕಾರ್ಡ್. ಪೇರೋಲ್‌ನಲ್ಲಿ ಹೋದ ಪರ್ಸೆಂಟ್ ಅದರಲ್ಲಿ ಮೊದಲೇ ತುಂಬಿರುತ್ತದೆ. ಅವರು ಕ್ಲಿಕ್ ಮಾಡುತ್ತಾರೆ, ಮುಗಿಯಿತು. ಬೆಳೆ ಕೊಯ್ದ ಮೇಲೆ ಬೇಲಿ ಹಾಕಿದ ಹಾಗೆ.

ನನಗೆ ಇದು ಸರಿಯಿಲ್ಲ ಅಂತ ಖಚಿತವಾಗಿದ್ದು ಒಬ್ಬ ಪೋಸ್ಟ್‌ಡಾಕ್‌ನಿಂದ, ಅಂದರೆ ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದವನಿಂದ. ಹಾಸನದ ಕಡೆಯ ಹುಡುಗ. ಜುಲೈ ತಿಂಗಳಲ್ಲಿ ಕಾರಿಡಾರಿನಲ್ಲಿ ಸಿಕ್ಕ. ಮಾತಿಗೆ ಮಾತು ಬಂದು, "ಅಕ್ಕ, ಆ ಇಲಿ ಕೆಲಸ ನಾನು ಮಾರ್ಚಿನಲ್ಲೇ ಬಿಟ್ಟೆ, ಈಗ ಪೂರ್ತಿ ಇಮೇಜಿಂಗ್ ಪ್ರಾಜೆಕ್ಟ್" ಅಂದ. ಪೇರೋಲ್‌ನಲ್ಲಿ ಅವನ ಅರ್ಧ ಸಂಬಳ ಇನ್ನೂ ಇಲಿ ಗ್ರಾಂಟಿನ ಮೇಲೇ ಹೋಗುತ್ತಿತ್ತು. ಜನವರಿಯಿಂದ ಮೇವರೆಗಿನ ಅವನ ಕಾರ್ಡಿಗೆ ಹಿಂದಿನ ವಾರವಷ್ಟೇ 50 ಪರ್ಸೆಂಟ್ ಎಂದು ಸಹಿ ಬಿದ್ದಿತ್ತು. ಪಿಐ ಸುಳ್ಳು ಹೇಳುವ ಮನುಷ್ಯ ಅಲ್ಲವೇ ಅಲ್ಲ. ತುಂಬಿದ ಅಂಕಿ ಎದುರಿಗೆ ಇಟ್ಟರೆ ಯಾರಾದರೂ ಹೌದು ಅಂತಲೇ ಹೇಳುತ್ತಾರೆ, ಅಲ್ವಾ? ಫ್ರಿಂಜ್ (ವಿಮೆ, ಪಿಂಚಣಿಯಂಥ ಸವಲತ್ತಿನ ಖರ್ಚು) ಸೇರಿ ಹನ್ನೆರಡು ಹದಿಮೂರು ಸಾವಿರ ಡಾಲರ್ ಹಿಂದಕ್ಕೆ ತಿರುಗಿಸಬೇಕಾಯಿತು. ಸಹಿಯಾದ ಕಾರ್ಡನ್ನು ಮತ್ತೆ ತೆರೆಯಬೇಕು, 90 ದಿನ ದಾಟಿದ ಕಾಸ್ಟ್ ಟ್ರಾನ್ಸ್‌ಫರಿಗೆ (ಖರ್ಚನ್ನು ಒಂದು ಗ್ರಾಂಟಿನಿಂದ ಇನ್ನೊಂದಕ್ಕೆ ಸರಿಸುವುದಕ್ಕೆ) ಸಮಜಾಯಿಷಿ ಬರೆಯಬೇಕು. ಇವೆರಡೂ ಆಡಿಟರ್ ಕಣ್ಣಿಗೆ ಮೊದಲು ಬೀಳುವ ವಸ್ತುಗಳು.

ಇನ್ನೊಂದು ಸಲ ಇಂಥದೇ ತಪ್ಪು ಗೊತ್ತಾಗುವ ಹೊತ್ತಿಗೆ ಪ್ರಾಜೆಕ್ಟೇ ಮುಚ್ಚಿತ್ತು. ಸರಿಯಾದ ಗ್ರಾಂಟಿನಲ್ಲಿ ದುಡ್ಡು ಉಳಿದಿರಲಿಲ್ಲ. ಸುಮಾರು 40 ಸಾವಿರ ಡಾಲರ್ ಡಿಪಾರ್ಟ್‌ಮೆಂಟಿನ ಸ್ವಂತ ಅಕೌಂಟಿಗೆ ಬಿತ್ತು. ಒಬ್ಬ ಲ್ಯಾಬ್ ಟೆಕ್ನಿಷಿಯನ್‌ನ ಒಂದು ವರ್ಷದ ಸಂಬಳದ ಹತ್ತಿರ ಹತ್ತಿರ.

ಬದಲಾಯಿಸೋಣ ಎಂದಾಗ ಸೆಂಟ್ರಲ್ ಆಫೀಸಿನಿಂದ ಬಂದ ಮೊದಲ ಮಾತು, "ಫೆಡರಲ್ ರೂಲ್ ಬಿಡಲ್ಲ". ನಾನು ರೂಲ್ ಪ್ರಿಂಟ್ ತೆಗೆದುಕೊಂಡೇ ಮೀಟಿಂಗಿಗೆ ಹೋದೆ. ಯೂನಿವರ್ಸಿಟಿಗಳ ಗ್ರಾಂಟ್ ಖರ್ಚಿಗಿದ್ದ ಹಳೆಯ ಫೆಡರಲ್ ಎ-21 ಸರ್ಕ್ಯುಲರ್‌ನಲ್ಲಿ ಎಫರ್ಟ್ ರಿಪೋರ್ಟಿನ ಮಾದರಿಗಳಿದ್ದವು ನಿಜ. ಆದರೆ 2014ರ ಡಿಸೆಂಬರ್ 26ರಿಂದ ಜಾರಿಗೆ ಬಂದ ಯೂನಿಫಾರ್ಮ್ ಗೈಡೆನ್ಸ್‌ನ (ಫೆಡರಲ್ ಗ್ರಾಂಟ್ ಖರ್ಚಿನ ಈಗಿನ ನಿಯಮಾವಳಿಯ) 200.430ನೇ ವಿಭಾಗದಲ್ಲಿ ಕಾರ್ಡ್ ಬೇಕೇ ಬೇಕು ಅಂತ ಎಲ್ಲೂ ಇಲ್ಲ. ಸಂಬಳದ ದಾಖಲೆ ನಡೆದ ಕೆಲಸವನ್ನು ಸರಿಯಾಗಿ ತೋರಿಸಬೇಕು, ಅದರ ಹಿಂದೆ ಗಟ್ಟಿಯಾದ ಇಂಟರ್ನಲ್ ಕಂಟ್ರೋಲ್ (ತಪ್ಪು ಹಿಡಿಯುವ ಒಳಗಿನ ತಪಾಸಣೆ) ಇರಬೇಕು, ಬರೀ ಬಜೆಟ್ ಅಂದಾಜು ಸಾಲದು. ಅದು ಕೇಳುವುದು ಇದನ್ನು. ಪಾಠ, ಸಂಶೋಧನೆ, ಆಡಳಿತ ಒಂದರೊಳಗೊಂದು ಬೆರೆತಿರುತ್ತವೆ ಎಂದೂ ಅದೇ ಒಪ್ಪಿಕೊಳ್ಳುತ್ತದೆ. ಜೊತೆಗೆ ಫೆಡರಲ್ ಸಂಸ್ಥೆಗಳು, ಯೂನಿವರ್ಸಿಟಿಗಳು ಸೇರಿದ ಕೂಟವಾದ ಫೆಡರಲ್ ಡೆಮಾನ್‌ಸ್ಟ್ರೇಷನ್ ಪಾರ್ಟ್‌ನರ್‌ಶಿಪ್‌ನ ಪೈಲಟ್ ಇತ್ತು. ಜಾರ್ಜ್ ಮೇಸನ್, ಮಿಷಿಗನ್ ಟೆಕ್, ಯುಸಿ ಇರ್ವೈನ್, ಯುಸಿ ರಿವರ್‌ಸೈಡ್ ಈ ನಾಲ್ಕೂ ಕಡೆ ಪ್ರಾಜೆಕ್ಟ್ ಲೆಕ್ಕದಲ್ಲಿ ಪೇರೋಲ್ ಸರ್ಟಿಫಿಕೇಷನ್ ಮಾಡಿ ತೋರಿಸಿದ್ದರು. ಕೊನೆಗೆ, "ಸರಿ, ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಮಾಡಿ ನೋಡಿ" ಅಂದರು. ಯಾರಿಗೂ ನಂಬಿಕೆ ಇರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಪ್ರತಿ ತಿಂಗಳು ಪೇರೋಲ್ ಪೋಸ್ಟ್ ಆದ ಒಂದು ವಾರದೊಳಗೆ ಪಿಐ ಜೊತೆ ಹದಿನೈದು ನಿಮಿಷ ಮಾತು. ನನ್ನ ಕೈಯಲ್ಲಿ ಲೆಡ್ಜರ್ ಇರುತ್ತದೆ. ಅದನ್ನು ತೋರಿಸುವುದಿಲ್ಲ. ಇಡೀ ಪದ್ಧತಿ ನಿಂತಿರುವುದು ಈ ಒಂದರ ಮೇಲೆ. ಮೊದಲು ಕೇಳುತ್ತೇನೆ: ಕಳೆದ ತಿಂಗಳು ಈ ಪ್ರಾಜೆಕ್ಟಿನಲ್ಲಿ ಯಾರು ಏನು ಮಾಡಿದರು? ಯಾರು ರಜೆಯಲ್ಲಿದ್ದರು? ಹೊಸ ಪ್ರಾಜೆಕ್ಟಿಗೆ ಯಾರಾದರೂ ಕೈ ಹಾಕಿದ್ದಾರಾ? ಅವರು ಹೇಳುತ್ತಾ ಹೋಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಆಮೇಲೆ ಲೆಡ್ಜರ್ ತೆಗೆದು ಎರಡನ್ನೂ ಹೋಲಿಸುವುದು. ಹೊಂದದ ಸಾಲು ಸಿಕ್ಕರೆ ಅದೇ ವಾರ ತಿದ್ದುಪಡಿ. ತಿಂಗಳ ಹಿಂದಿನ ಸಂಬಳ ತಿದ್ದುವುದು ಸಲೀಸು. ಎಂಟು ತಿಂಗಳ ಹಿಂದಿನದಾದರೆ ಎಲ್ಲರೂ ಅನುಮಾನದಿಂದ ನೋಡುತ್ತಾರೆ.

ಬಜೆಟ್ ವರ್ಷ ಮುಗಿದಾಗ ಒಂದು ಹಾಳೆ. ಪ್ರಾಜೆಕ್ಟ್ ನಂಬರ್, ಆ ವರ್ಷ ಅದರಲ್ಲಿ ಸಂಬಳ ಪಡೆದವರ ಹೆಸರು, ಎಷ್ಟು ಡಾಲರ್, ತಿಂಗಳ ತಿದ್ದುಪಡಿಗಳು, ಕೆಳಗೆ ಪಿಐ ಸಹಿ. ಹನ್ನೆರಡು ಸಲ ಮಾತಾಡಿ ಆಗಿರುವುದರಿಂದ ಆ ಹಾಳೆಯಲ್ಲಿ ಅವರಿಗೆ ಹೊಸದು ಏನೂ ಇರುವುದಿಲ್ಲ. ಓದಿ ಸಹಿ ಹಾಕುತ್ತಾರೆ. ತಿಂಗಳ ಮಾತು ಬಿಟ್ಟು ಬರೀ ವರ್ಷದ ಹಾಳೆ ತಂದರೆ ಅದು ಹಳೆಯ ಕಾರ್ಡಿಗಿಂತ ಕಡೆ, ಇದನ್ನು ಒತ್ತಿ ಹೇಳುತ್ತೇನೆ. ಪಕ್ಕದ ಒಂದು ಡಿಪಾರ್ಟ್‌ಮೆಂಟಿನವರು ಹಾಗೇ ಮಾಡಿ ಒಂದೇ ವರ್ಷಕ್ಕೆ ಕೈಬಿಟ್ಟರು.

ಹಳೆಯ ಕಾರ್ಡಿನಲ್ಲಿ ಜಾಸ್ತಿ ಜಗಳ ಬರುತ್ತಿದ್ದದ್ದು ಎನ್‌ಐಎಚ್ (ಆರೋಗ್ಯ ಸಂಶೋಧನೆಗೆ ಹಣ ಕೊಡುವ ಫೆಡರಲ್ ಸಂಸ್ಥೆ) ಇಟ್ಟಿರುವ ಸಂಬಳದ ಮಿತಿಯಿಂದ. ಒಬ್ಬ ಪ್ರೊಫೆಸರ್ ಸಂಬಳ 3 ಲಕ್ಷ ಡಾಲರ್, ಎಫರ್ಟ್ 20 ಪರ್ಸೆಂಟ್ ಅಂದುಕೊಳ್ಳಿ. 2025ರ ಮಿತಿ 2,25,700. ಗ್ರಾಂಟಿನ ಮೇಲೆ ಹೋಗುವುದು 45,140, ಉಳಿದ 14,860 ನಮ್ಮ ತಲೆಗೆ. ಪೇರೋಲ್‌ನಲ್ಲಿ ಇದು 15 ಪರ್ಸೆಂಟ್ ಎಂದು ಕಾಣುತ್ತದೆ. "ನಾನು 20 ಕೊಟ್ಟೆ, ನೀವು 15 ಅಂತೀರಿ" ಎಂದು ಪ್ರತಿ ಸೆಮಿಸ್ಟರ್ ಮೇಲ್ ಬರುತ್ತಿತ್ತು. ಈಗ ಹಾಳೆಯಲ್ಲಿ ಗ್ರಾಂಟಿನ ದುಡ್ಡು, ಮಿತಿಯ ಮೇಲಿನ ದುಡ್ಡು, ಎರಡೂ ಸೇರಿದ ಎಫರ್ಟ್, ಮೂರನ್ನೂ ಒಂದೇ ಸಾಲಿನಲ್ಲಿ ಇಡುತ್ತೇನೆ. ಮೇಲ್ ನಿಂತಿತು. ಆ ಸಾಲನ್ನು ತಾನೇ ಲೆಕ್ಕ ಹಾಕುವ ಸ್ಪ್ರೆಡ್‌ಶೀಟನ್ನು ನಾನೇ ಕಟ್ಟಿದ್ದು. ವರ್ಷದ ನಡುವೆ ಮಿತಿ ಬದಲಾದರೂ ಅದು ತಪ್ಪುವುದಿಲ್ಲ. ಹೇಗೆ ಎನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ, ಕ್ಷಮಿಸಿ.

ಬೇಸಿಗೆ ಸಂಬಳಕ್ಕೆ ಮಾತ್ರ ಬೇರೆ ದಾರಿ. ಒಂಬತ್ತು ತಿಂಗಳ ಅಪಾಯಿಂಟ್‌ಮೆಂಟಿನವರು ಮೂರು ತಿಂಗಳೂ ನೂರು ಪರ್ಸೆಂಟ್ ಫೆಡರಲ್ ಗ್ರಾಂಟಿಗೆ ಹಾಕಿದರೆ, ಆ ಮೂರು ತಿಂಗಳಲ್ಲಿ ಹೊಸ ಪ್ರಪೋಸಲ್ ಬರೆಯುವ ಹಾಗಿಲ್ಲ, ಕಮಿಟಿ ಕೆಲಸವನ್ನೂ ಮಾಡುವ ಹಾಗಿಲ್ಲ. ಹಾಗೆ ಇರುವ ಪ್ರೊಫೆಸರ್ ಯಾರಿದ್ದಾರೆ? ಯೇಲ್ 2008ರಲ್ಲಿ ಸರ್ಕಾರದ ಜೊತೆ 76 ಲಕ್ಷ ಡಾಲರಿಗೆ ಸೆಟಲ್ ಮಾಡಿಕೊಂಡ ಆರೋಪಗಳಲ್ಲಿ ಇದೂ ಒಂದು. ಬೇರೆ ಕೆಲಸ ಮಾಡುತ್ತಿದ್ದರೂ ಬೇಸಿಗೆಯ ನೂರಕ್ಕೆ ನೂರು ಎಫರ್ಟ್ ಗ್ರಾಂಟಿಗೆ ಬರೆದರು ಎಂಬುದು. ನಾನು ಏಪ್ರಿಲ್‌ನಲ್ಲೇ ರಜೆಯ ತಾರೀಕು, ಪ್ರಪೋಸಲ್ ಡೆಡ್‌ಲೈನ್ ಎರಡನ್ನೂ ಕೇಳಿಕೊಂಡು, ಎರಡೂವರೆ ತಿಂಗಳಿಗಿಂತ ಮೇಲೆ ಹಾಕಲು ಒಪ್ಪುವುದಿಲ್ಲ. ಎನ್‌ಎಸ್‌ಎಫ್ (ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಫೆಡರಲ್ ಸಂಸ್ಥೆ) ಗ್ರಾಂಟ್ ಇದ್ದರೆ ಹೇಗೂ ಅವರ ಎಲ್ಲ ಗ್ರಾಂಟ್ ಸೇರಿ ವರ್ಷಕ್ಕೆ ಎರಡು ತಿಂಗಳು ಎನ್ನುವ ಲೆಕ್ಕ ಇದೆ. ಇದಕ್ಕೆ ಇಬ್ಬರು ಪ್ರೊಫೆಸರ್‌ಗಳು ನನ್ನ ಮೇಲೆ ಚೇರ್‌ಗೆ (ಡಿಪಾರ್ಟ್‌ಮೆಂಟಿನ ಮುಖ್ಯಸ್ಥರಿಗೆ) ದೂರು ಕೊಟ್ಟರು. ಚೇರ್ ನನ್ನ ಪಕ್ಕ ನಿಂತರು.

ದಾರಿಯಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಂದು ಲ್ಯಾಬಿನಲ್ಲಿ ಕೆಲವು ತಿಂಗಳು ವಾರದ ಟೈಮ್‌ಶೀಟ್ ಬರೆಸಿದೆ. ಕೆಲಸಕ್ಕೆ ಬರಲಿಲ್ಲ. ಪ್ರತಿ ಶುಕ್ರವಾರ ಹಿಂದಿನ ವಾರದ್ದನ್ನೇ ಕಾಪಿ ಮಾಡಿ ಕಳಿಸುತ್ತಿದ್ದರು. ವಾರಕ್ಕೆ 60 ಗಂಟೆ ದುಡಿದವನೂ 40ರ ಲೆಕ್ಕ ತುಂಬುತ್ತಿದ್ದ. ಎಫರ್ಟಿನಲ್ಲಿ 60 ದುಡಿದರೆ 60ನ್ನೇ ನೂರು ಪರ್ಸೆಂಟ್ ಎಂದು ಹಿಡಿಯಬೇಕಲ್ಲ, ಅದು ಅವರ ತಲೆಗೆ ಹೋಗಲೇ ಇಲ್ಲ. ಆಮೇಲೆ ಮೈಕ್ರೋಸ್ಕೋಪ್ ಬುಕಿಂಗ್ ಪಟ್ಟಿ ತರಿಸಿಕೊಂಡೆ. ಬುಕ್ ಮಾಡಿದ ಗಂಟೆ ಯಾವ ಗ್ರಾಂಟಿಗೆ ಬಿಲ್ ಆಗಿದೆ, ಅದೇ ಜನದ ಸಂಬಳ ಯಾವ ಗ್ರಾಂಟಿಗೆ ಹೋಗಿದೆ ಎಂದು ಅಕ್ಕಪಕ್ಕ ಇಟ್ಟು ನೋಡಿದೆ. ಸಾಕ್ಷಿಯಾಗಿ ನಿಲ್ಲುವಷ್ಟು ಗಟ್ಟಿ ಅಲ್ಲ. ಆದರೆ ಏನು ಕೇಳಬೇಕು ಎಂದು ಹೊಳೆಯಲು ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಸಂಬಳ ಒಂದು ಕಡೆ, ಮೈಕ್ರೋಸ್ಕೋಪ್ ಬಿಲ್ ಇನ್ನೊಂದು ಕಡೆ ಕಂಡರೆ ಆ ತಿಂಗಳ ಮೊದಲ ಪ್ರಶ್ನೆ ಅದೇ. ಈಗಲೂ ತರಿಸಿಕೊಳ್ಳುತ್ತೇನೆ.

ಅಂಕಿಗಳು ನೆನಪಿನಿಂದ ಹೇಳುತ್ತಿದ್ದೇನೆ. ಮೊದಲು ಮೂರರಲ್ಲಿ ಒಂದು ಕಾರ್ಡ್ ಗಡುವು ದಾಟುತ್ತಿತ್ತು. ಈಗ ಹಾಳೆಗಳು ಹೆಚ್ಚು ಕಡಿಮೆ ಎಲ್ಲವೂ ತಿಂಗಳೊಳಗೆ ಸಹಿಯಾಗಿ ಬರುತ್ತವೆ. 90 ದಿನ ದಾಟಿದ ಟ್ರಾನ್ಸ್‌ಫರ್ ವರ್ಷಕ್ಕೆ ಇಪ್ಪತ್ತೈದರ ಹತ್ತಿರ ಇದ್ದದ್ದು ಮೂರು ನಾಲ್ಕಕ್ಕೆ ಇಳಿದಿದೆ. ಡಿಪಾರ್ಟ್‌ಮೆಂಟ್ ಸ್ವಂತ ಜೇಬಿನಿಂದ ತುಂಬುತ್ತಿದ್ದ ದುಡ್ಡು 90 ಸಾವಿರದಿಂದ ಹತ್ತು ಸಾವಿರದ ಆಸುಪಾಸಿಗೆ ಬಂತು. ನನ್ನ ಸಮಯ ಮಾತ್ರ ಜಾಸ್ತಿಯಾಯಿತು. ತಿಂಗಳಿಗೆ ನಾಲ್ಕೈದು ದಿನ ಈ ಮಾತುಕತೆಗೇ ಹೋಗುತ್ತದೆ. ಮೊದಲು ಕಾರ್ಡಿನ ಹಿಂದೆ ಓಡಾಡುತ್ತಿದ್ದ ದಿನಗಳನ್ನು ಕಳೆದರೆ ನನಗೆ ಲಾಭವೇ. ಸಮಯವೇ ಕೊಡದ ಒಬ್ಬ ಪಿಐ ಇದ್ದರು, ಈಗ ಅವರೇ ಫೋನ್ ಮಾಡುತ್ತಾರೆ. ಅವರನ್ನು ದಾರಿಗೆ ತಂದ ಉಪಾಯ ನನ್ನ ಹತ್ತಿರವೇ ಇರಲಿ.

ಇನ್ನೂ ಬಗೆಹರಿಯದಿರುವುದು ಎರಡು ಡಿಪಾರ್ಟ್‌ಮೆಂಟಿನಲ್ಲಿ ಹಂಚಿಹೋದ ಜನರ ವಿಷಯ. ನಮ್ಮಲ್ಲಿ ಹಾಳೆ, ಆ ಕಡೆ ಕಾರ್ಡ್, ಕೂಡಿದರೆ ಒಬ್ಬರ ಎಫರ್ಟ್ 104 ಪರ್ಸೆಂಟ್ ಬರುತ್ತದೆ. ಸದ್ಯಕ್ಕೆ ಆ ಕಡೆಯ ಅಡ್ಮಿನಿಸ್ಟ್ರೇಟರನ್ನೂ ತಿಂಗಳ ಮಾತಿಗೆ ಕೂರಿಸಿಕೊಳ್ಳುತ್ತಿದ್ದೇನೆ. ಶುರು ಮಾಡುವವರು ಎಲ್ಲ ಪ್ರಾಜೆಕ್ಟನ್ನೂ ಒಟ್ಟಿಗೆ ಹಿಡಿಯಬೇಡಿ. ಆರು ತಿಂಗಳೊಳಗೆ ಮುಗಿಯುವ ಗ್ರಾಂಟ್‌ಗಳನ್ನು ಮೊದಲು ತೆಗೆದುಕೊಳ್ಳಿ. ದುಡ್ಡು ಕೈಬಿಟ್ಟು ಹೋಗುವುದು ಅಲ್ಲೇ.