ಫೋನ್ ಅವರ ಕೈಯಲ್ಲೇ ಇರಲಿ

ಹುಬ್ಬಳ್ಳಿ ರೈಲ್ವೆಯವರ ಊರು. ಗದಗ ರಸ್ತೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಗಂಡ ಹೋದ ಮೇಲೆ ಕುಟುಂಬ ಪಿಂಚಣಿಯ ಮೇಲೆ ಬದುಕುವ ಹೆಂಗಸರು ಇಲ್ಲಿ ಓಣಿ ಓಣಿಯಲ್ಲೂ ಸಿಗುತ್ತಾರೆ. ನವೆಂಬರ್ ಬಂತೆಂದರೆ ಇವರೆಲ್ಲ ತಾವಿನ್ನೂ ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ.

ನಾನು ರೈಲ್ವೆಯ ಅಕೌಂಟ್ಸ್ ವಿಭಾಗದಲ್ಲಿ ಕ್ಲರ್ಕ್ ಆಗಿದ್ದವಳು. ನಿವೃತ್ತಿಯ ನಂತರ ಮಗಳು ಪುಣೆಗೆ ಬಾ ಅಂದಳು, ಹೋಗಲಿಲ್ಲ. ಆದರೆ ಮನೆಯಲ್ಲಿ ಸುಮ್ನೆ ಕೂರುವುದು ನನಗೆ ಆಗಿಬರಲಿಲ್ಲ. ಕಾಗದಪತ್ರ ಓದುವುದು ಗೊತ್ತಿತ್ತು, ಫೋನ್ ಅಷ್ಟಾಗಿ ಗೊತ್ತಿರಲಿಲ್ಲ. 2021ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಫೋನಿಗೆ ಮುಖ ತೋರಿಸಿ ಜೀವನ ಪ್ರಮಾಣ, ಅಂದರೆ ಈ ಬದುಕಿರುವ ಪ್ರಮಾಣಪತ್ರದ ಡಿಜಿಟಲ್ ರೂಪ, ಮಾಡಿಸುವ ಸೌಲಭ್ಯ ತಂದಿತು. ಅದನ್ನು ಕಲಿತೆ. ಈಗ ಅಕ್ಟೋಬರ್, ನವೆಂಬರ್ ಎರಡು ತಿಂಗಳು ನಮ್ಮ ಮನೆ ಕಟ್ಟೆಯೇ ನನ್ನ ಆಫೀಸು.

ಮುಖದ ಪದ್ಧತಿ ಯಾಕೆ ದೊಡ್ಡ ವಿಷಯ ಅಂದರೆ, ಮೊದಲು ಮಷಿನ್ನಿನಲ್ಲಿ ಮಾಡಿಸಲು ಹೆಚ್ಚಾಗಿ ಬೆರಳಚ್ಚೇ ಬೇಕಿತ್ತು. ಮೂವತ್ತು ಮೂವತ್ತೈದು ವರ್ಷ ಕಬ್ಬಿಣ ಹಿಡಿದ ಫಿಟ್ಟರನ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಪಾತ್ರೆ ತಿಕ್ಕಿ ತಿಕ್ಕಿ ಸವೆದ ಕೈಗಳದ್ದೂ ಅದೇ ಪಾಡು. ಮಷಿನ್ನು ಒಲ್ಲೆ ಅನ್ನುತ್ತಿತ್ತು, ಹಿಂದೆ ನಿಂತವರು ಗೊಣಗುತ್ತಿದ್ದರು. ಈಗ ಫೋನಿನಲ್ಲಿ ಎರಡು ಆ್ಯಪ್ ಇದ್ದರೆ ಸಾಕು. ಒಂದು ಜೀವನ ಪ್ರಮಾಣದ್ದು, ಇನ್ನೊಂದು ಮುಖ ಗುರುತಿಸುವ ಆಧಾರ್ ಫೇಸ್ ಆರ್‌ಡಿ. ಮೊದಲು ಆಪರೇಟರ್ ಆಗಿ ನನ್ನ ಮುಖ ತೋರಿಸಬೇಕು. ಆಮೇಲೆ ಅದೇ ಫೋನಿನಲ್ಲಿ ಎಷ್ಟು ಜನರದ್ದಾದರೂ ಮಾಡಬಹುದು. ಆಧಾರ್ ನಂಬರ್, ಒಟಿಪಿ ಬರುವ ಮೊಬೈಲ್, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಬ್ಯಾಂಕ್ ಖಾತೆ ನಂಬರ್ ಇಷ್ಟು ಕೈಯಲ್ಲಿರಬೇಕು. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಇರಬಾರದು. ಚಷ್ಮಾ ತೆಗೆದು ಕಣ್ಣು ಮಿಟುಕಿಸಬೇಕು. ಅದಕ್ಕೇ ಕಟ್ಟೆಯಲ್ಲಿ ಬೆಳಗಿನ ಹೊತ್ತು ಕೂರುತ್ತೇನೆ, ಬೆಳಕು ಚೆನ್ನಾಗಿರುತ್ತದೆ.

ಇದಿಷ್ಟು ಯಾರಾದರೂ ಒಂದು ತಾಸಿನಲ್ಲಿ ಕಲಿತಾರು. ಕಲಿಯಲು ಹೊತ್ತು ಹಿಡಿಯುವುದು ಬೇರೆ.

ವಯಸ್ಸಾದವರಿಗೆ ಸಹಾಯ ಮಾಡುವ ಒಳ್ಳೆಯ ಜನ ಬೇಕಾದಷ್ಟು ಇದ್ದಾರೆ. ಆದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂದರೆ ಅವರ ಕೈಯಿಂದ ಫೋನ್ ಇಸಿದುಕೊಳ್ಳುವುದು. ‘ಕೊಡ್ರಿ ಇಲ್ಲೆ, ನಾ ಮಾಡ್ತೀನಿ’ ಅಂತ. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ನಿಜ. ಆದರೆ ಅಜ್ಜನಿಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಯಾರದಾದರೂ ಮುಖ ನೋಡಬೇಕು. ಇದು ದಯೆಯೇ, ಆದರೆ ಅವಸರದ ದಯೆ. ನಾನು ಎದುರಿಗೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ನಂಬರ್ ಅವರೇ ಒತ್ತಬೇಕು. ಒಂದು ಅಂಕಿಗೆ ಅರ್ಧ ನಿಮಿಷ ಹಿಡಿದರೂ ಹಿಡಿಯಲಿ, ನಮಗಿಬ್ಬರಿಗೂ ಎಲ್ಲಿಗೆ ಓಡುವುದಿದೆ? ಜೊತೆಗೆ ಮಗ ಬಂದಿದ್ದರೆ, ಕೇಳುವುದನ್ನು ಮಗನಿಗಲ್ಲ, ಅಪ್ಪನಿಗೇ ಕೇಳುತ್ತೇನೆ. ಕಿವಿ ಮಂದ ಇದ್ದವರಿಗೂ ಕೂಗಿದರೆ ಕೇಳುವುದಿಲ್ಲ. ಮುಖ ನೋಡಿ ನಿಧಾನವಾಗಿ ಹೇಳಿದರೆ ಕೇಳುತ್ತದೆ.

ಕುಟುಂಬ ಪಿಂಚಣಿಯವರಿಗೆ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ಮರುಮದುವೆ ಆಗಿದೆಯೇ? ಎಂಬತ್ತು ದಾಟಿದ ಅವ್ವನಿಗೆ ಇದನ್ನು ಓದಿ ಹೇಳುವುದು ಹೇಗೆ ಅಂತ ಮೊದಮೊದಲು ಸಂಕೋಚವಾಗುತ್ತಿತ್ತು. ಒಬ್ಬ ಅವ್ವ ‘ಇನ್ನೂ ಇಲ್ಲವಾ, ಯಾರರ ಸಿಕ್ಕರ ನಿನಗ ಮೊದಲ ಹೇಳ್ತೀನಿ’ ಅಂದರು. ಕಟ್ಟೆಯೆಲ್ಲ ನಗು. ಆವತ್ತಿನಿಂದ ಸಂಕೋಚ ಹೋಯಿತು.

ಎಂಬತ್ತು ಅಂದಾಗ ಒಂದು ಮಾತು. ಎಂಬತ್ತು ತುಂಬಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಕೊಡಬಹುದು, ನವೆಂಬರಿನ ಗದ್ದಲಕ್ಕೆ ಕಾಯಬೇಕಿಲ್ಲ. ಅವರಿಗೆ ಮೂಲ ಪಿಂಚಣಿಯ ಶೇ 20ರಷ್ಟು ಹೆಚ್ಚುವರಿಯೂ ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40. ಕುಟುಂಬ ಪಿಂಚಣಿಗೂ ಇದು ಅನ್ವಯ. ಆದರೆ ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ತಾರೀಖು ಬರೆದೇ ಇರುವುದಿಲ್ಲ. ಬ್ಯಾಂಕಿಗೆ ಗೊತ್ತಾಗುವುದಾದರೂ ಹೇಗೆ? ಹೀಗಾಗಿ ಪಿಪಿಒ ಕೈಗೆ ಬಂದ ಕೂಡಲೇ ನಾನು ಮೊದಲು ನೋಡುವುದು ಆ ಜಾಗ. ಖಾಲಿ ಇದ್ದರೆ ಅರ್ಜಿ ಬರೆಸುತ್ತೇನೆ. ಇಲ್ಲಿ ಮಾತ್ರ ನನ್ನ ಹಳೆಯ ಕ್ಲರ್ಕ್ ಬುದ್ಧಿ ನೇರವಾಗಿ ಉಪಯೋಗಕ್ಕೆ ಬರುತ್ತದೆ ನೋಡಿ.

ದುಡ್ಡಿನ ವಿಷಯ. ನಾನು ಏನೂ ತಗೊಳ್ಳುವುದಿಲ್ಲ. ಆದರೆ ಯಾರಾದರೂ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಶೇಂಗಾ ಉಂಡಿ ಕೊಟ್ಟರೆ ಬೇಡ ಅನ್ನುವುದಿಲ್ಲ. ಕೊಡುವವರಾಗಿಯೇ ಬದುಕಿದ ಜನ ಅವರು. ವಯಸ್ಸಾದ ಮೇಲೆ ಎಲ್ಲರೂ ಕೊಡಲು ಬರುತ್ತಾರೆ, ಇವರಿಂದ ತಗೊಳ್ಳುವವರು ಕಡಿಮೆಯಾಗುತ್ತಾರೆ. ಸಕ್ಕರೆ ಕಾಯಿಲೆ ಇದ್ದರೂ ಅಲ್ಲೇ ಅರ್ಧ ಮುರಿದು ತಿನ್ನುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ ದನಿಯಲ್ಲೇ ಮಾತಾಡುವುದು. ಜೀವನ ಪ್ರಮಾಣ ಅಪ್‌ಡೇಟ್ ಮಾಡ್ತೀವಿ, ಒಟಿಪಿ ಹೇಳಿ ಅಂತ ಫೋನ್ ಬಂದರೆ ಅದು ಮೋಸ. ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ‘ಹಂಗಾದರ ನಿನಗೂ ಹೇಳಬಾರದಲ್ಲ ಅಕ್ಕಾ’ ಅಂದರು ಒಬ್ಬರು. ಹೌದು, ನನಗೂ ಹೇಳಬೇಡಿ, ನೀವೇ ಒತ್ತಿ ಅಂದೆ. ಫೋನ್ ಅವರ ಕೈಯಲ್ಲಿರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಕಡೆ ಇದು ನಡೆಯುವುದಿಲ್ಲ. ಲಕ್ವಾ ಹೊಡೆದು ಮಲಗಿದ ಒಬ್ಬರ ಮನೆಗೆ ಹೋಗಿದ್ದೆ. ಕಣ್ಣು ಮಿಟುಕಿಸಿ ಅಂದರೆ ಅವರಿಗೆ ತಿಳಿಯುತ್ತಿರಲಿಲ್ಲ. ಸೊಸೆ ಪಾಪ ಕೆನ್ನೆ ತಟ್ಟಿ ತಟ್ಟಿ ನೋಡಿದಳು. ಬೇಡ ಬಿಡವ್ವಾ ಅಂದು ಫೋನ್ ಚೀಲಕ್ಕೆ ಹಾಕಿದೆ. ಹಳೆಯ ಕಾಗದದ ಪದ್ಧತಿ ಈಗಲೂ ಇದೆ. ಬ್ಯಾಂಕಿಗೆ ಪತ್ರ ಬರೆದುಕೊಟ್ಟೆವು, ಅಧಿಕಾರಿಯೊಬ್ಬರು ಮನೆಗೇ ಬಂದು ನೋಡಿ ಸಹಿ ಮಾಡಿದರು.

ಈಗ ಕಟ್ಟೆಯಲ್ಲಿ ನಾನು ಒಬ್ಬಳೇ ಅಲ್ಲ. ತನ್ನದು ಮಾಡಿಕೊಳ್ಳಲು ಬಂದು ಕಲಿತ ನಿವೃತ್ತ ಫಿಟ್ಟರ್ ಒಬ್ಬರು ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿಕೊಂಡಿದ್ದಾರೆ. ಸ್ವಲ್ಪ ಜಾಸ್ತಿ ಕೂಗುತ್ತಾರೆ, ವರ್ಕ್‌ಶಾಪಿನ ರೂಢಿ. ಆದರೆ ಫೋನ್ ಇಸಿದುಕೊಳ್ಳುವುದಿಲ್ಲ. ಕೂಗುವುದನ್ನು ಬಿಡಿಸಲು ನೋಡುತ್ತಿದ್ದೇನೆ.