ಬಿಲ್ಲಿಂಗ್ ನಿಲ್ಲಿಸದೆ ಸರ್ವರ್ ಡಿಸ್ಕ್ ಬದಲಿಸಿದ್ದು: ನನ್ನ ಅನುಭವ

ಹುಬ್ಬಳ್ಳಿಯ ಔಷಧಿ ಹೋಲ್‌ಸೇಲ್ ವ್ಯಾಪಾರಿಯೊಬ್ಬರ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹಗಲೆಲ್ಲ ಬಿಲ್ಲಿಂಗ್, ರಾತ್ರಿ ಬ್ಯಾಕಪ್. ಆಫ್ ಮಾಡೋಕೆ ಹೊತ್ತು ಸಿಗುವುದೇ ಅಪರೂಪ. ಈಚೆಗೆ ಒಂದು ಡಿಸ್ಕ್ ಕೈಕೊಟ್ಟಾಗಲೂ ಕೌಂಟರ್ ನಡೆಯುತ್ತಲೇ ಇತ್ತು.

ಸರ್ವರ್‌ನಲ್ಲಿ 4 ಟಿಬಿಯ ಆರು ಸ್ಯಾಸ್ (ಸರ್ವರ್‌ಗಳಲ್ಲಿ ಬಳಸುವ ಬಗೆಯ) ಡಿಸ್ಕ್‌ಗಳಿವೆ, ರೇಡ್ 6ರಲ್ಲಿ. ಅಂದರೆ ಡೇಟಾ, ಅದನ್ನು ಮರಳಿ ಕಟ್ಟುವ ಲೆಕ್ಕ ಎರಡೂ ಎಲ್ಲ ಡಿಸ್ಕ್‌ಗಳಿಗೆ ಹಂಚಿರುತ್ತವೆ. ಎರಡು ಹೋದರೂ ಡೇಟಾ ಉಳಿಯುತ್ತದೆ. ಸ್ಲಾಟ್ 3ರ ಡಿಸ್ಕ್ ಫೇಲ್ ಎಂದು, ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್‌ನಿಂದ ಮೇಲ್ ಬಂತು. ಜಾಸ್ತಿ ಎಚ್ಚರ ಬೇಕಿರುವುದು ಇಲ್ಲೇ. ಎಷ್ಟೋ ಸರ್ವರ್‌ಗಳಲ್ಲಿ ಸ್ಲಾಟ್ ಎಣಿಕೆ ಸೊನ್ನೆಯಿಂದ ಶುರು. ಹಾಗಾದರೆ ಸ್ಲಾಟ್ 3 ನಾಲ್ಕನೇ ಡಿಸ್ಕ್ ಆಯಿತು. ಮೂರನೆಯದನ್ನು ಎಳೆದರೆ ಚೆನ್ನಾಗಿರುವ ಡಿಸ್ಕ್ ಕೈಗೆ ಬರುತ್ತದೆ, ಅಲ್ವಾ? ಅದಕ್ಕೇ ಸರ್ವರ್ ಕೂರಿಸುವಾಗಲೇ ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದು ಮುಂದೆ ಅಂಟಿಸಿದ್ದೆ. ಸಾಫ್ಟ್‌ವೇರ್ ತೋರಿಸಿದ ನಂಬರ್ ಅದಕ್ಕೆ ತಾಳೆ ನೋಡಿದೆ. ಆಮೇಲೆ ಲೊಕೇಟ್ ಕಮಾಂಡ್ ಕೊಟ್ಟು ಆ ಸ್ಲಾಟ್‌ನ ದೀಪ ಮಿನುಗಿಸಿದೆ. ಎರಡೂ ಒಂದೇ ಡಿಸ್ಕನ್ನು ತೋರಿಸುವವರೆಗೆ ನಾನು ಕೈ ಹಾಕುವುದಿಲ್ಲ.

ಉಳಿದ ಐದರ ಎರರ್ ಲೆಕ್ಕವನ್ನೂ ನೋಡಿದೆ. ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಒಂದೆರಡು ಫೈಲ್ ತೆಗೆದು ತೆರೆದು ನೋಡಿದೆ. ಬ್ಯಾಕಪ್ ಆಗಿದೆ ಅಂತ ಲಾಗ್ ಹೇಳಿದರೆ ನನಗೆ ಸಾಲದು.

ತೆಗೆಯುವ ಕೆಲಸ ಸಣ್ಣದು. ಡಿಸ್ಕನ್ನು ಆಫ್‌ಲೈನ್ ಮಾಡಿ, ಲಿವರ್ ಒತ್ತಿ, ಒಂದಿಷ್ಟು ಹೊರಗೆಳೆದು ಅರ್ಧ ನಿಮಿಷ ಬಿಟ್ಟೆ. ಒಳಗಿನ ತಟ್ಟೆ ಇನ್ನೂ ತಿರುಗುತ್ತಿರಬಹುದು. ಅದು ನಿಂತ ಮೇಲೆ ಪೂರ್ತಿ ಎಳೆದೆ. ಕರೆಂಟ್ ಇರುವಾಗಲೇ ಹೊಸದನ್ನು ತಳ್ಳಲು ಧೈರ್ಯ ಕೊಡುವುದು ಕನೆಕ್ಟರ್. ಅದರ ಪಿನ್‌ಗಳು ಒಂದೇ ಉದ್ದ ಇರುವುದಿಲ್ಲ. ಗ್ರೌಂಡ್ ಪಿನ್ ಉದ್ದ, ಅದು ಮೊದಲು ತಾಗುತ್ತದೆ. ಡೇಟಾ ಪಿನ್ ಆಮೇಲೆ. ಹಾಗಾಗಿ ಕಿಡಿ ಹಾರುವುದಿಲ್ಲ, ಪಕ್ಕದ ಡಿಸ್ಕ್‌ಗಳಿಗೂ ತೊಂದರೆ ಇಲ್ಲ. ಹೊಸ ಡಿಸ್ಕ್ ಹಳೆಯದಕ್ಕಿಂತ ಒಂದು ಸೆಕ್ಟರ್ (ಡೇಟಾ ಬರೆಯುವ ಚಿಕ್ಕ ತುಂಡು) ಕೂಡ ಕಡಿಮೆ ಇರಬಾರದು, ಸೆಕ್ಟರ್ ಅಳತೆಯೂ ಹೊಂದಬೇಕು. ಇದನ್ನು ಕೊಳ್ಳುವಾಗಲೇ ನೋಡಿಕೊಳ್ಳಿ.

ನಿಜವಾದ ಆತಂಕ ಆಮೇಲಿನ ರೀಬಿಲ್ಡ್‌ನದು, ಅಂದರೆ ಉಳಿದ ಡಿಸ್ಕ್‌ಗಳನ್ನು ಓದಿ ಹೋದ ಡೇಟಾವನ್ನು ಹೊಸದರಲ್ಲಿ ಬರೆಯುವುದು. 4 ಟಿಬಿಯನ್ನು ಸೆಕೆಂಡಿಗೆ 100 ಎಂಬಿಯಂತೆ ಬರೆದರೂ ಹನ್ನೊಂದು ಗಂಟೆ ಬೇಕು. ಮೇಲೆ ಬಿಲ್ಲಿಂಗ್ ಓಡುತ್ತಿದ್ದರೆ ಇನ್ನೂ ನಿಧಾನ. ಹಗಲು ರೀಬಿಲ್ಡ್ ರೇಟ್ (ಈ ಕೆಲಸಕ್ಕೆ ಕಂಟ್ರೋಲರ್ ಕೊಡುವ ಪಾಲು) 30% ಇಟ್ಟು, ಅಂಗಡಿ ಮುಚ್ಚಿದ ಮೇಲೆ ಏರಿಸಿದೆ. ಅಷ್ಟು ಹೊತ್ತೂ ಉಳಿದ ಹಳೆ ಡಿಸ್ಕ್‌ಗಳನ್ನು ಅಂಚಿನಿಂದ ಅಂಚಿಗೆ ಓದಬೇಕು. ಯಾರೂ ಮುಟ್ಟದ ಮೂಲೆಯ ಕೆಟ್ಟ ಸೆಕ್ಟರ್ ಹೊರಬೀಳುವುದೇ ಆಗ. ಒಂದು ಡಿಸ್ಕ್ ಹೋಗುವುದನ್ನಷ್ಟೇ ತಾಳುವ ರೇಡ್ 5 ಆಗಿದ್ದರೆ ಅಲ್ಲಿಗೆ ಆ ಜಾಗದ ಡೇಟಾ ಹೋಯಿತು. ದೊಡ್ಡ ಡಿಸ್ಕ್‌ಗಳಿಗೆ ದಯವಿಟ್ಟು ರೇಡ್ 5 ಇಡಬೇಡಿ. ಪ್ಯಾಟ್ರೋಲ್ ರೀಡ್ (ಬಿಡುವಿನಲ್ಲಿ ಕಂಟ್ರೋಲರ್ ಡಿಸ್ಕ್‌ಗಳನ್ನು ಓದಿ ಪರೀಕ್ಷಿಸುವುದು) ಆನ್ ಇರಲಿ. ಕೆಟ್ಟ ಜಾಗ ಮೊದಲೇ ಗೊತ್ತಾಗುತ್ತದೆ.

ಪವರ್ ಸಪ್ಲೈ ಬದಲಿಸುವುದು ಇದಕ್ಕಿಂತ ಸುಲಭ. ಆದರೆ ಒಂದೇ ಸಪ್ಲೈ ಪೂರ್ತಿ ಲೋಡ್ ಹೊರುತ್ತದಾ ಅಂತ ನೋಡಿ. 750 ವ್ಯಾಟ್‌ನ ಎರಡಿದ್ದರೆ ಸರ್ವರ್ ಎಳೆಯುವುದು ಒಟ್ಟು 750ರೊಳಗೇ ಇರಬೇಕು. ಎರಡೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಆ ಯುಪಿಎಸ್ ಕೈಕೊಟ್ಟಾಗ ಎರಡೂ ಒಟ್ಟಿಗೆ ಹೋಗುತ್ತವೆ. ಫ್ಯಾನ್ ಬದಲಿಸುವಾಗ ಮುಚ್ಚಳ ತೆಗೆಯಬೇಕು. ತೆಗೆದರೆ ಗಾಳಿಯ ದಾರಿ ತಪ್ಪಿ ಪ್ರೊಸೆಸರ್ ಬಿಸಿಯಾಗುತ್ತದೆ. ಹೊಸ ಫ್ಯಾನನ್ನು ಬಾಕ್ಸ್‌ನಿಂದ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡುತ್ತೇನೆ.

ರ‍್ಯಾಮ್, ಪ್ರೊಸೆಸರ್ ಮಾತ್ರ ಸಾಮಾನ್ಯ ಸರ್ವರ್‌ಗಳಲ್ಲಿ ಓಡುವಾಗ ಬದಲಿಸಲು ಆಗದು. ಎರಡು ಸರ್ವರ್ ಇದ್ದರೆ ವರ್ಚುವಲ್ ಮೆಷಿನ್‌ಗಳನ್ನು (ಸರ್ವರ್ ಒಳಗೆ ಸಾಫ್ಟ್‌ವೇರ್‌ನಲ್ಲಿ ಓಡುವ ಕಂಪ್ಯೂಟರ್‌ಗಳು) ಇನ್ನೊಂದಕ್ಕೆ ಸಾಗಿಸಿ, ಇದನ್ನು ಆರಾಮಾಗಿ ಆಫ್ ಮಾಡಬಹುದು. ನಮ್ಮಲ್ಲಿ ಇರುವುದು ಒಂದೇ. ಎರಡನೆಯದಕ್ಕೆ ಮಾಲೀಕರನ್ನು ಕೇಳಿದ್ದೇನೆ. ಅಲ್ಲಿಯವರೆಗೆ ರ‍್ಯಾಮ್ ಕೆಲಸವೆಲ್ಲ ಭಾನುವಾರ ಮಧ್ಯಾಹ್ನಕ್ಕೆ.